ಬದುಕುಳಿದವನ ಪಾಲು

1955ನೇ ಇಸವಿ ಸೆಪ್ಟೆಂಬರ್ 30, ಶುಕ್ರವಾರ. ಹೊತ್ತು ಮುಳುಗುವ ಸಮಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚೊಲೇಮ್ ಎಂಬ ಪುಟ್ಟ ಊರಿನ ಹತ್ತಿರ, ಎರಡು ಹೆದ್ದಾರಿಗಳು ಸೇರುವ ಕಡೆ ಎರಡು ಕಾರುಗಳು ಡಿಕ್ಕಿ ಹೊಡೆದವು. ಒಂದರಲ್ಲಿದ್ದವನು ಸಿನಿಮಾ ನಟ ಜೇಮ್ಸ್ ಡೀನ್, ವಯಸ್ಸು 24. ಇನ್ನೊಂದರಲ್ಲಿದ್ದವನು 23 ವರ್ಷದ ಕಾಲೇಜು ವಿದ್ಯಾರ್ಥಿ. ವಾರದ ಕೊನೆ ಎಂದು ಮನೆಗೆ ಹೊರಟಿದ್ದ. ಡೀನ್ ತೀರಿಕೊಂಡ. ವಿದ್ಯಾರ್ಥಿಗೆ ಮುಖಕ್ಕೆ ಸಣ್ಣಪುಟ್ಟ ಪೆಟ್ಟು, ಅಷ್ಟೇ. ಪೊಲೀಸರು ಹೇಳಿಕೆ ಬರೆದುಕೊಂಡು ಬಿಟ್ಟ ಮೇಲೆ ಅವನು ಆ ಕತ್ತಲಲ್ಲಿ, ಹೋಗುವ ಗಾಡಿಗಳಿಗೆ ಕೈ ಅಡ್ಡ ಹಿಡಿದು, ಯಾರದೋ ವಾಹನ ಹತ್ತಿ ಮನೆ ಸೇರಿದ.

ಡೀನ್ ಕುರಿತು ಬಂದ ಪುಸ್ತಕಗಳಿಗೂ ಚಿತ್ರಗಳಿಗೂ ಲೆಕ್ಕವಿಲ್ಲ. ಇವತ್ತು ನಾನು ಹೆಚ್ಚಾಗಿ ಮಾತಾಡಬೇಕೆಂದಿರುವುದು ಆ ಎರಡನೆಯವನ ಬಗ್ಗೆ. ಅವನು ಕೊನೆಯವರೆಗೂ ಪತ್ರಕರ್ತರಿಂದ ದೂರ ಉಳಿದವನು. ಆದ್ದರಿಂದ ಅವನ ಹೆಸರು ಹೇಳುವುದಿಲ್ಲ.

ಅಂದು ಬೆಳಿಗ್ಗೆಯಿಂದ ಏನೇನಾಯಿತು ಎಂಬುದನ್ನು ಮೊದಲು ನೋಡೋಣ. ಡೀನ್‌ಗೆ ರೇಸ್ ಎಂದರೆ ಪ್ರಾಣ. 'ಜೈಂಟ್' ಚಿತ್ರದ ಶೂಟಿಂಗ್ ಮುಗಿಯುವವರೆಗೆ ರೇಸಿಗೆ ಇಳಿಯಕೂಡದು ಎಂದು ವಾರ್ನರ್ ಬ್ರದರ್ಸ್ ಸಂಸ್ಥೆ ಕಟ್ಟುಪಾಡು ಹಾಕಿತ್ತು. ಚಿತ್ರದ ಕೆಲಸ ಮುಗಿಯುತ್ತಿದ್ದಂತೆ ಅವನು ಬೆಳ್ಳಿ ಬಣ್ಣದ ಹೊಸ ಪೋರ್ಷೆ 550 ಸ್ಪೈಡರ್ ಕೊಂಡ. ಸಲೀನಾಸ್ ಎಂಬ ಊರಿನಲ್ಲಿ ಆ ವಾರದ ಕೊನೆಗೆ ರೇಸ್ ಇತ್ತು. ಸ್ಪೈಡರನ್ನು ಟ್ರೇಲರ್ ಮೇಲೆ ಹೇರಿ ಎಳೆದುಕೊಂಡು ಹೋಗುವುದೆಂದು ಮೊದಲು ಮಾತಾಗಿತ್ತು. ಆಮೇಲೆ, ಹೊಸ ಕಾರಿಗೆ ಸ್ವಲ್ಪ ಓಟ ಆಗಲಿ, ಕೈಗೆ ಪಳಗಲಿ ಎಂದು ಜೊತೆಗಿದ್ದ ಪೋರ್ಷೆ ಮೆಕ್ಯಾನಿಕ್ ರೋಲ್ಫ್ ವುಥೆರಿಚ್ ಹೇಳಿದ್ದರಿಂದ ಡೀನ್ ಅದನ್ನೇ ಓಡಿಸಿಕೊಂಡು ಹೊರಟ. ಟ್ರೇಲರ್ ಖಾಲಿಯಾಗಿ ಹಿಂದಿನಿಂದ ಬಂತು.

ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಬೇಕರ್ಸ್‌ಫೀಲ್ಡ್ ಊರಿನ ದಕ್ಷಿಣಕ್ಕೆ ಪೊಲೀಸರು ಅವನನ್ನು ತಡೆದರು. 55 ಮೈಲಿ ವೇಗದ ಮಿತಿ ಇದ್ದ ಕಡೆ 65ರಲ್ಲಿ ಹೋಗುತ್ತಿದ್ದ ಎಂದು ಚೀಟಿ ಬರೆದರು. ಅದಾಗಿ ಎರಡು ಗಂಟೆ ಚಿಲ್ಲರೆಗೆ ಅಪಘಾತ. ವಿದ್ಯಾರ್ಥಿ ತನ್ನ ದೊಡ್ಡ ಫೋರ್ಡ್ ಕಾರನ್ನು ಎಡಕ್ಕೆ ತಿರುಗಿಸುತ್ತಿದ್ದ. ಎದುರಿನಿಂದ ಬಂದ ಸ್ಪೈಡರಿಗೆ ಮೇಲುಹೊದಿಕೆ ಇಲ್ಲ, ನೆಲಕ್ಕೆ ಅಂಟಿದಷ್ಟು ತಗ್ಗು, ತೂಕ 550 ಕಿಲೋ ಸುಮಾರು. ಫೋರ್ಡ್ ಅದರ ಎರಡು ಪಟ್ಟಿಗೂ ಹೆಚ್ಚು ಭಾರ. ಮುಸ್ಸಂಜೆಯ ಆ ಬೆಳಕಿನಲ್ಲಿ ಬೂದು ರಸ್ತೆಯ ಮೇಲೆ ಬೆಳ್ಳಿ ಬಣ್ಣದ ತಗ್ಗು ಕಾರು. 'ನನಗೆ ಅದು ಕಾಣಲೇ ಇಲ್ಲ' ಎಂಬ ಅರ್ಥದ ಮಾತನ್ನು ವಿದ್ಯಾರ್ಥಿ ಪೊಲೀಸರಿಗೆ ಹೇಳಿದ. ಡೀನ್ ಎಷ್ಟು ವೇಗದಲ್ಲಿದ್ದ ಎನ್ನುವುದರಲ್ಲಿ ತಜ್ಞರಿಗೆ ಇವತ್ತಿಗೂ ಒಮ್ಮತವಿಲ್ಲ. 85 ಮೈಲಿ ಎಂದವರಿದ್ದಾರೆ, 55ರ ಆಸುಪಾಸು ಎಂದವರೂ ಇದ್ದಾರೆ.

ತಪ್ಪು ಯಾರದು?

ತಿರುಗುವವನು ನೇರವಾಗಿ ಬರುವವನಿಗೆ ದಾರಿ ಬಿಡಬೇಕು. ಅದು ನಿಯಮ. ಆ ಲೆಕ್ಕದಲ್ಲಿ ವಿದ್ಯಾರ್ಥಿಯದು ತಪ್ಪೇ. ರೇಸಿಗೆಂದೇ ಮಾಡಿದ ಕಾರನ್ನು ಊರ ಜನ ಓಡಾಡುವ ಹೆದ್ದಾರಿಗೆ ತಂದದ್ದು, ಪೊಲೀಸರು ತಡೆದು ಹೇಳಿದ ಮೇಲೂ ಎಚ್ಚರ ಸಾಲದೆ ಹೋದದ್ದು ಡೀನ್‌ನ ಪಾಲು. ಅಷ್ಟು ಅಪಾಯದ ಕೂಡುರಸ್ತೆಯನ್ನು ಹಾಗೇ ಬಿಟ್ಟಿದ್ದವರದು ಇನ್ನೊಂದು ಪಾಲು. ಅಕ್ಟೋಬರ್ 11ರಂದು ಸ್ಯಾನ್ ಲೂಯಿ ಒಬಿಸ್ಪೋದಲ್ಲಿ ಮರಣ ವಿಚಾರಣೆ ನಡೆಯಿತು. ಜ್ಯೂರಿಗಳು ಇದು ಆಕಸ್ಮಿಕ, ಇದರಲ್ಲಿ ಅಪರಾಧದ ಉದ್ದೇಶವಿಲ್ಲ ಎಂದರು. ವಿದ್ಯಾರ್ಥಿಯ ಮೇಲೆ ಮೊಕದ್ದಮೆ ಬೀಳಲಿಲ್ಲ. ತಪ್ಪು ಬೇರೆ, ಅಪರಾಧ ಬೇರೆ ಎಂಬ ವಿವೇಕ ಆ ತೀರ್ಮಾನದಲ್ಲಿತ್ತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ.

ಆದರೆ ಅಭಿಮಾನಿಗಳ ವಿಚಾರಣೆ ಅಲ್ಲಿಗೆ ಮುಗಿಯುವುದಿಲ್ಲ. ಡೀನ್ ಬದುಕಿದ್ದಾಗ ನಾಯಕನಾಗಿ ತೆರೆ ಕಂಡಿದ್ದು ಒಂದೇ ಚಿತ್ರ. 'ರೆಬೆಲ್ ವಿದೌಟ್ ಎ ಕಾಸ್' ಬಂದದ್ದು ಅವನು ಸತ್ತು ನಾಲ್ಕು ವಾರಕ್ಕೆ. ಹುಡುಗರು ಪಂತ ಕಟ್ಟಿ ಕಾರುಗಳನ್ನು ಪ್ರಪಾತದ ಕಡೆಗೆ ಓಡಿಸುವ ದೃಶ್ಯ ಅದರಲ್ಲಿದೆ. ಸತ್ತ ಮೇಲೆ ಅವನ ಕೀರ್ತಿ ಬೆಳೆಯುತ್ತ ಹೋಯಿತು, ಅದರ ಜೊತೆಗೇ ಆ ವಿದ್ಯಾರ್ಥಿಯ ಮೇಲಿನ ನೆರಳೂ ಉದ್ದವಾಯಿತು. ಅವನು ಅಪಘಾತವಾದ ಹೊಸದರಲ್ಲಿ ಒಂದು ಸ್ಥಳೀಯ ಪತ್ರಿಕೆಗೆ ನಾಲ್ಕು ಮಾತು ಹೇಳಿದ್ದು ಬಿಟ್ಟರೆ ಮತ್ತೆಂದೂ ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಮನೆತನದ ವಿದ್ಯುತ್ ಗುತ್ತಿಗೆ ಕೆಲಸ ನೋಡಿಕೊಂಡು, ಸಂಸಾರ ಮಾಡಿಕೊಂಡು ಬದುಕಿದ. 1995ರಲ್ಲಿ ಕಾಯಿಲೆಯಿಂದ ತೀರಿಕೊಂಡ. ನಡುವೆ ನಲವತ್ತು ವರ್ಷ. ಸೆಪ್ಟೆಂಬರ್ ಬಂತೆಂದರೆ ಸಾಕು, ಯಾರಾದರೂ ಬಂದು ಅದನ್ನೇ ಕೇಳಿಯಾರು ಎಂಬ ನಲವತ್ತು ವರ್ಷ. ಒಬ್ಬ ಮನುಷ್ಯನಿಗೆ ಇದು ಸಣ್ಣ ಭಾರವೇ?

ವುಥೆರಿಚ್ ಕೂಡ ಬದುಕಿ ಉಳಿದವನೇ. ಡಿಕ್ಕಿಯ ರಭಸಕ್ಕೆ ಕಾರಿನಿಂದ ಎಸೆಯಲ್ಪಟ್ಟು ದವಡೆ, ಕಾಲು ಮುರಿದುಕೊಂಡ. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಾದವು. ಜರ್ಮನಿಗೆ ಮರಳಿದ ಮೇಲೆ ಮನಸ್ಸಿನ ನೋವೂ ಅವನನ್ನು ಬಿಡಲಿಲ್ಲ. 1981ರಲ್ಲಿ ಇನ್ನೊಂದು ಕಾರು ಅಪಘಾತದಲ್ಲಿ ಸತ್ತ. ಇದನ್ನು ಕೇಳಿದ ಜನ ಏನಂದರು ಗೊತ್ತೇ? ಆ ಪೋರ್ಷೆಗೆ ಶಾಪ ಇತ್ತು ಎಂದರು! ನಜ್ಜುಗುಜ್ಜಾದ ಆ ಕಾರನ್ನು ಜಾರ್ಜ್ ಬ್ಯಾರಿಸ್ ಎಂಬ ಹಾಲಿವುಡ್‌ನ ಕಾರು ವಿನ್ಯಾಸಗಾರ ಪಡೆದುಕೊಂಡು ಊರೂರಲ್ಲಿ ಪ್ರದರ್ಶನಕ್ಕಿಟ್ಟ. ಅದನ್ನು ಮುಟ್ಟಿದವರಿಗೆಲ್ಲ ಕೇಡಾಯಿತು ಎಂದು ಕಥೆಗಳನ್ನು ಹೇಳಿದ. ಅವುಗಳಲ್ಲಿ ಹೆಚ್ಚಿನವಕ್ಕೆ ಪುರಾವೆ ಇಲ್ಲ. ನಟ ಅಲೆಕ್ ಗಿನ್ನೆಸ್, ಒಂದು ವಾರ ಮುಂಚೆ ಆ ಕಾರನ್ನು ನೋಡಿ, ಇದರಲ್ಲಿ ಕೂರಬೇಡ ಎಂದು ಡೀನ್‌ಗೆ ಹೇಳಿದ್ದೆನೆಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದೂ ಶಾಪದ ಲೆಕ್ಕಕ್ಕೇ ಸೇರಿತು.

ನಮ್ಮಲ್ಲೂ ಇದು ಹೊಸದಲ್ಲ. ಹೆದ್ದಾರಿಯ ತಿರುವಿನಲ್ಲಿ ಎರಡು ಮೂರು ಜೀವ ಹೋದರೆ 'ಆ ಜಾಗ ಸರಿಯಿಲ್ಲ' ಎನ್ನುತ್ತೇವೆ. ಕುಂಬಳಕಾಯಿ ಒಡೆಯುತ್ತೇವೆ, ನಿಂಬೆಹಣ್ಣು ಇಡುತ್ತೇವೆ. ನಮ್ಮ ಶಂಕರ್‌ನಾಗ್ ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೆ ಸಿಕ್ಕಿ ಕಣ್ಮರೆಯಾದದ್ದೂ 1990ರ ಸೆಪ್ಟೆಂಬರ್ 30ರಂದೇ. ಹಾಗೆಂದು ಆ ತಾರೀಖಿಗೆ ದೋಷ ಹೊರಿಸೋಣವೇ? ಭಕ್ತಿಯಿಂದ ನಿಂಬೆಹಣ್ಣು ಇಡುವವರ ಮನಸ್ಸನ್ನು ನಾನು ಹಗುರಾಗಿ ಕಾಣುವುದಿಲ್ಲ. ಅದು ಭಯದಿಂದ, ಕಾಳಜಿಯಿಂದ ಬಂದದ್ದು. ಆದರೆ ಜಾಗವೇ ಕೆಟ್ಟದ್ದು ಎಂದ ಮೇಲೆ ಅಲ್ಲಿ ದೀಪದ ಕಂಬ ಹಾಕಬೇಕಾದವರನ್ನು ಕೇಳುವವರು ಯಾರು? ಕಾರಿಗೆ ಶಾಪ ಎಂದ ಮೇಲೆ ಆಕ್ಸಿಲರೇಟರ್ ಮೇಲಿನ ಕಾಲನ್ನು ಸಡಿಲಿಸುವವರು ಯಾರು?

ಚೊಲೇಮ್ ಬಳಿ ಡೀನ್‌ಗೆ ಸ್ಮಾರಕವಿದೆ. 1977ರಲ್ಲಿ ಸೇಟಾ ಓನಿಶಿ ಎಂಬ ಜಪಾನಿನ ಉದ್ಯಮಿ ಒಂದು ಮರದ ಸುತ್ತ ಸ್ಟೀಲಿನಲ್ಲಿ ಅದನ್ನು ಕಟ್ಟಿಸಿದ. 2005ರಲ್ಲಿ ಆ ಕೂಡುರಸ್ತೆಗೆ ಡೀನ್‌ನ ಹೆಸರನ್ನೇ ಇಟ್ಟರು. ಅಷ್ಟು ವರ್ಷಗಳ ಉದ್ದಕ್ಕೂ ಅದೇ ರಸ್ತೆಯಲ್ಲಿ, ಯಾರಿಗೂ ಹೆಸರು ಗೊತ್ತಿಲ್ಲದ ಎಷ್ಟೋ ಜನ ಸಾಯುತ್ತಲೇ ಇದ್ದರು. ಎದುರಿನ ವಾಹನಕ್ಕೆ ಅಡ್ಡ ಬಾರದಂತೆ ಮೇಲ್ಸೇತುವೆ ಕಟ್ಟುವ ಕೆಲಸ ಕೈಗೆತ್ತಿಕೊಂಡದ್ದು 2020ರ ದಶಕದಲ್ಲಿ. ಹೆಸರಿಡುವುದಕ್ಕೆ ಇದ್ದ ಆತುರ ರಸ್ತೆ ಸರಿಪಡಿಸುವುದಕ್ಕೆ ಇರಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಇನ್ನು ನಮ್ಮ ರಸ್ತೆಗಳ ಮಾತು. ಇಲ್ಲಿ ಅಪಘಾತವಾದರೆ ಮೊದಲು ಬರುವ ತೀರ್ಪು 'ದೊಡ್ಡ ಗಾಡಿಯವನದೇ ತಪ್ಪು'. ಗುಂಪು ಸೇರುತ್ತದೆ, ಡ್ರೈವರನ್ನು ಕೆಳಗೆಳೆದು ಬಡಿಯುತ್ತದೆ. ಹೊಡೆತಕ್ಕೆ ಹೆದರಿಯೇ ಎಷ್ಟೋ ಡ್ರೈವರುಗಳು ಗಾಡಿ ಬಿಟ್ಟು ಓಡಿಹೋಗುತ್ತಾರೆ. ಆಸ್ಪತ್ರೆಗೆ ಸೇರಿಸಬಹುದಾಗಿದ್ದ ಜೀವ ಅಲ್ಲೇ ರಸ್ತೆಯಲ್ಲಿ ಬಿದ್ದಿರುತ್ತದೆ. ಸತ್ತವರು ನಮಗೆ ಬೇಕಾದವರಾದರಂತೂ ಸಿಟ್ಟಿಗೆ ಮಿತಿಯೇ ಇಲ್ಲ. ತನಿಖೆ ನಡೆಯಲಿ, ಕುಡಿದು ಓಡಿಸಿದವನಿಗೆ, ಅಡ್ಡಾದಿಡ್ಡಿ ನುಗ್ಗಿದವನಿಗೆ ಶಿಕ್ಷೆ ಆಗಲೇಬೇಕು. ಆದರೆ ಕ್ಷಣಮಾತ್ರ ಕಣ್ಣು ತಪ್ಪಿದ್ದಕ್ಕೆ ಒಬ್ಬರ ಸಾವಿಗೆ ಕಾರಣನಾಗಿ, ಅದನ್ನು ನೆನೆದು ರಾತ್ರಿ ನಿದ್ದೆಯಿಲ್ಲದೆ ಹೊರಳುವ ಮನುಷ್ಯನೂ ಇರುತ್ತಾನೆ. ಅವನೂ ಆ ಅಪಘಾತದಲ್ಲಿ ಪೆಟ್ಟು ತಿಂದವನೇ. ಅವನಿಗೆ ನ್ಯಾಯಾಲಯ ಏನು ಹೇಳಬೇಕೋ ಹೇಳುತ್ತದೆ. ನೆರೆಹೊರೆಯವರು, ನೆಂಟರು ಹೇಳಬೇಕಾದ ಮಾತು ಬೇರೆಯೇ ಇದೆ.

ಕೇಳುಗರೇ, ನಿಮ್ಮ ಬೀದಿಯಲ್ಲಿ, ನಿಮ್ಮ ಬಳಗದಲ್ಲಿ ಅಂಥವರೊಬ್ಬರು ಇರಬಹುದು. ಅಪಘಾತವಾದ ಮೇಲೆ ಗಾಡಿ ಮುಟ್ಟದೆ, ಮದುವೆ ಮುಂಜಿಗೂ ಬಾರದೆ, ಮನೆಯೊಳಗೇ ಉಳಿದವರು. ಈ ಭಾನುವಾರ ಹೋಗಿ ಅವರನ್ನು ಮಾತಾಡಿಸಿ ಬನ್ನಿ. ಆ ದಿನದ ಸುದ್ದಿಯನ್ನು ನೀವಾಗಿ ತೆಗೆಯಬೇಡಿ. ಅವರಾಗಿ ಹೇಳಿದರೆ, ಪೂರ್ತಿ ಹೇಳಿ ಮುಗಿಸುವವರೆಗೆ ಎದ್ದು ಬರಬೇಡಿ.