ಮನೆಯಿಂದ ಸ್ಟೇಷನ್ನಿನವರೆಗೆ

(ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಭಾಷೆ, ಗಡಿ, ಸಾಹಿತ್ಯಗಳ ಕುರಿತು ಗಂಭೀರ ಚರ್ಚೆಗಳು ನಡೆದ ಈ ವೇದಿಕೆಯಲ್ಲಿ ಸೈಕಲ್ಲಿನ ಬಗೆಗೆ ಮಾತನಾಡುತ್ತೇನೆಂದಾಗ ನಮ್ಮ ಕಾರ್ಯದರ್ಶಿಗಳು ನಸುನಕ್ಕರು. ಅವರ ಮೇಲೆ ನನಗೆ ಬೇಸರವಿಲ್ಲ. ಆ ನಗು ಎಲ್ಲಿಂದ ಬರುತ್ತದೆ ಎಂಬುದನ್ನೇ ಇಂದು ನಿಮ್ಮೊಡನೆ ವಿಚಾರಿಸಬೇಕೆಂದಿದ್ದೇನೆ.

ನಾನು ವಾಸವಾಗಿರುವುದು ಆಂಟಾಪ್ ಹಿಲ್ಲಿನ ಕೇಂದ್ರ ಸರ್ಕಾರಿ ನೌಕರರ ವಸತಿಗೃಹಗಳಲ್ಲಿ. ಅಲ್ಲಿಂದ ವಡಾಲಾ ಸ್ಟೇಷನ್ನಾಗಲಿ, ಮಾಟುಂಗದ ತರಕಾರಿ ಪೇಟೆಯಾಗಲಿ, ಕನ್ನಡ ಸಮಾರಂಭಗಳು ನಡೆಯುವ ಮೈಸೂರು ಅಸೋಸಿಯೇಷನ್ನಾಗಲಿ ಎರಡು ಮೂರು ಕಿಲೋಮೀಟರಿನ ದಾರಿ. ನಡೆದರೆ ಅರ್ಧ ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಬಸ್ಸಿಗೆ ಕಾಯುತ್ತ ನಿಂತರೂ ಅಷ್ಟೇ. ಇಷ್ಟು ಹತ್ತಿರಕ್ಕೆ ಟ್ಯಾಕ್ಸಿಯವರು ಬರಲೊಪ್ಪುವುದು ಅಪರೂಪ. ಸೈಕಲ್ಲಿಗೆ ಸಾಕಾಗುವುದು ಹತ್ತು ಹನ್ನೆರಡು ನಿಮಿಷ.

ಕೆಲವು ವರ್ಷಗಳ ಹಿಂದೆ ಬೇರೊಂದು ಕಚೇರಿಯ ಸಭೆಗೆ ಹೀಗೆಯೇ ಸೈಕಲ್ಲಿನಲ್ಲಿ ಹೋದೆ. ಗೇಟಿನಲ್ಲಿದ್ದ ಕಾವಲುಗಾರ ನನ್ನನ್ನು ನೋಡಿ, "ಟಪಾಲು ಆ ಕಿಟಕಿಯಲ್ಲಿ ಕೊಡು" ಎಂದ. ಗುರುತಿನ ಚೀಟಿ ತೋರಿಸಿದೊಡನೆ ಎದ್ದು ನಿಂತು ಸಲಾಮು ಹೊಡೆದ. ಸಭೆಯುದ್ದಕ್ಕೂ ನನ್ನ ಮನಸ್ಸು ಕುದಿಯುತ್ತಿತ್ತು. ರಾತ್ರಿ ಮಾತ್ರ ಇನ್ನೊಂದು ಪ್ರಶ್ನೆ ಎದುರಾಯಿತು: ಟಪಾಲು ತರುವವನೆಂದು ಭಾವಿಸಿದರೆ ಅದರಲ್ಲಿ ಅವಮಾನವೇನಿದೆ? ಕಾವಲುಗಾರನ ಮನಸ್ಸಿನಲ್ಲಿದ್ದ ಶ್ರೇಣಿ ನನ್ನ ಮನಸ್ಸಿನಲ್ಲಿಯೂ ಇತ್ತು. ಇಲ್ಲದಿದ್ದರೆ ನಾನೇಕೆ ನೊಂದುಕೊಳ್ಳಬೇಕಿತ್ತು?

ಈ ಶ್ರೇಣಿಪ್ರಜ್ಞೆಯ ಗುರುತು ಸರ್ಕಾರಿ ನಿಯಮಗಳಲ್ಲಿಯೂ ಇದೆ. ಹಿಂದೆ ನೌಕರರಿಗೆ ಸೈಕಲ್ ಕೊಳ್ಳಲು ಮುಂಗಡ ಹಣ ದೊರೆಯುತ್ತಿತ್ತು. ಏಳನೆಯ ವೇತನ ಆಯೋಗದ ಶಿಫಾರಸಿನ ಮೇರೆಗೆ 2016ರಲ್ಲಿ ಅದು ರದ್ದಾಯಿತು. ಸೈಕಲ್ ಭತ್ಯೆಯನ್ನೂ ತೆಗೆದುಹಾಕಬೇಕೆಂದು ಆಯೋಗ ಹೇಳಿತ್ತು. ಆದರೆ 2017ರಲ್ಲಿ ಸರ್ಕಾರ ಅದನ್ನು ಅಂಚೆ ಮತ್ತು ರೈಲ್ವೆ ಇಲಾಖೆಗಳಲ್ಲಿ ಉಳಿಸಿಕೊಂಡು, ತಿಂಗಳಿಗೆ 90 ರೂಪಾಯಿ ಇದ್ದದ್ದನ್ನು 180ಕ್ಕೆ ಏರಿಸಿತು. ಸೈಕಲ್ಲನ್ನು ಬಿಟ್ಟರೆ ಗತಿಯಿಲ್ಲದ ಕೆಲಸಗಳಿಗೆ ಅದು ಉಳಿಯಿತು. ಉಳಿದವರು ಅದನ್ನು ಬಳಸಿಯಾರು ಎಂಬ ಕಲ್ಪನೆಯೇ ಕಡತಗಳಲ್ಲಿಲ್ಲ.

ಮುಂಬಯಿಗೆ ಸೈಕಲ್ಲು ಪರಕೀಯವೇನಲ್ಲ. ಸ್ವಾತಂತ್ರ್ಯಕ್ಕೂ ಮೊದಲೇ ಈ ನಗರದಲ್ಲಿ ಹಿಂದ್ ಸೈಕಲ್ಸ್ ಕಾರ್ಖಾನೆ ತಲೆಯೆತ್ತಿತ್ತು. ಕಾರ್ಖಾನೆ ಹೋಯಿತು, ವರ್ಲಿಯಲ್ಲಿ ಹಿಂದ್ ಸೈಕಲ್ ರಸ್ತೆಯೆಂಬ ಹೆಸರು ಉಳಿಯಿತು. ಇಂದಿಗೂ ಬೆಳಗಿನ ಜಾವ ಎದ್ದು ನೋಡಿದರೆ ಹಾಲು, ಪತ್ರಿಕೆ, ಪಾವ್, ಇಡ್ಲಿಗಳು ನಮ್ಮ ಬೀದಿಗಳಿಗೆ ಬರುವುದು ಸೈಕಲ್ಲಿನ ಮೇಲೆಯೇ. 1890ರಿಂದ ನಡೆದುಬಂದಿರುವ ಡಬ್ಬಾವಾಲಾಗಳ ವ್ಯವಸ್ಥೆಯನ್ನು ಗಮನಿಸಿ. ಮನೆಮನೆಯಿಂದ ಬುತ್ತಿಯನ್ನು ಸ್ಟೇಷನ್ನಿಗೆ ತರಲು ಸೈಕಲ್ಲು, ಅಲ್ಲಿಂದ ಲೋಕಲ್ ರೈಲು, ಇಳಿದ ಮೇಲೆ ಮತ್ತೆ ಸೈಕಲ್ಲು ಅಥವಾ ಕೈಗಾಡಿ. ದೂರದ ದಾರಿಯನ್ನು ರೈಲಿಗೆ ಬಿಟ್ಟು, ಹತ್ತಿರದ ದಾರಿಯನ್ನು ಸೈಕಲ್ಲಿಗೆ ಒಪ್ಪಿಸುವ ಈ ವಿವೇಕವನ್ನು ನಮ್ಮ ಊಟದ ಡಬ್ಬಿಗೆ ಅನ್ವಯಿಸಿದ್ದೇವೆ, ನಮಗೆ ಅನ್ವಯಿಸಿಕೊಂಡಿಲ್ಲ.

ನಗರಯೋಜಕರ ದೃಷ್ಟಿ ಬೇರೆಯೇ ಇದೆ. 2009ರ ಬಾಂದ್ರಾ-ವರ್ಲಿ ಸಮುದ್ರ ಸೇತುವೆಯ ಮೇಲೆ, 2024ರಲ್ಲಿ ತೆರೆದ ಕರಾವಳಿ ರಸ್ತೆ ಹಾಗೂ ಅಟಲ್ ಸೇತುವೆಗಳ ಮೇಲೆ ಮೋಟಾರು ಸೈಕಲ್ಲಿಗೂ ಪ್ರವೇಶವಿಲ್ಲ, ಸೈಕಲ್ಲಿನ ಮಾತಂತೂ ದೂರವೇ ಉಳಿಯಿತು. ಸೈಕಲ್ಲಿಗೆಂದೇ ಮಾಡಿದ ಯೋಜನೆಗಳ ಪಾಡನ್ನಾದರೂ ನೋಡೋಣ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ 2011ರಲ್ಲಿ ಸಿದ್ಧವಾದ ಸೈಕಲ್ ಪಥ ಮೋಟಾರು ವಾಹನಗಳ ನಿಲ್ದಾಣವಾಗಿ ಕೊನೆಗಂಡಿತು. ಪವಾಯಿ ಕೆರೆಯಂಚಿನಲ್ಲಿ ಕೈಗೊಂಡ ಪಥವನ್ನು ಬೊಂಬಾಯಿ ಉಚ್ಚ ನ್ಯಾಯಾಲಯ 2022ರಲ್ಲಿ ಕಾನೂನುಬಾಹಿರವೆಂದು ಸಾರಿ, ಕಾಮಗಾರಿಯನ್ನು ತೆಗೆದು ಕೆರೆಯಂಚನ್ನು ಮೊದಲಿನ ಸ್ಥಿತಿಗೆ ತರಲು ಆದೇಶಿಸಿತು. ಕೆರೆ ಉಳಿಯಬೇಕಾದದ್ದೇ ನ್ಯಾಯ. ನನ್ನ ಪ್ರಶ್ನೆ ಇಷ್ಟೇ: ಕೆರೆಯ ದಂಡೆಯಲ್ಲಿ ವಿಹರಿಸುವವರಿಗೆ ಪಥವನ್ನು ಕಲ್ಪಿಸಿಕೊಳ್ಳಬಲ್ಲ ಆಡಳಿತಕ್ಕೆ, ಪಾವ್ ಮಾರುವವನು ಕುರ್ಲಾದ ರಸ್ತೆಯಲ್ಲಿ ಲಾರಿಗಳ ನಡುವೆ ಜೀವ ಹಿಡಿದು ಸಾಗುವುದು ಕಾಣುವುದಿಲ್ಲವೇಕೆ?

ಆಕ್ಷೇಪಗಳು ನನಗೆ ತಿಳಿಯದವಲ್ಲ. ನಾಲ್ಕು ತಿಂಗಳ ಮಳೆ, ಹೊಂಡ ಬಿದ್ದ ರಸ್ತೆ, ಬೆವರು. ಜುಲೈ ತಿಂಗಳಲ್ಲಿ ನಾನೂ ಹಲವು ದಿನ ಸೈಕಲ್ಲನ್ನು ಮನೆಯಲ್ಲಿಯೇ ಬಿಡುತ್ತೇನೆ. ಅಂಧೇರಿಯಿಂದ ಚರ್ಚ್‌ಗೇಟಿಗೆ ತುಳಿದುಕೊಂಡು ಹೋಗಿ ಎಂದು ನಾನು ಹೇಳುತ್ತಿಲ್ಲ. ಮನೆಯಿಂದ ಸ್ಟೇಷನ್ನಿನವರೆಗೆ ಎಂದಷ್ಟೇ ಹೇಳುತ್ತಿದ್ದೇನೆ. ಅದಕ್ಕೆ ಕೋಟಿಗಟ್ಟಲೆ ಹಣದ ಪಥಕ್ಕಿಂತ ಮೊದಲು ಬೇಕಾದದ್ದು ಸ್ಟೇಷನ್ನಿನ ಬಳಿ ಸೈಕಲ್ಲನ್ನು ಬೀಗ ಹಾಕಿ ನಿಲ್ಲಿಸಿ, ಸಂಜೆ ಹಿಂದಿರುಗಿದಾಗ ಅದು ಅಲ್ಲಿಯೇ ಇರುವುದೆಂಬ ಭರವಸೆ. ಒಂದು ಸೈಕಲ್ಲನ್ನು ಕಳೆದುಕೊಂಡ ಅನುಭವದಿಂದ ಈ ಮಾತನ್ನು ಹೇಳುತ್ತಿದ್ದೇನೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ಸ್ಟೇಷನ್ನಿನಲ್ಲಿ 12,500 ಸೈಕಲ್ಲುಗಳಿಗೆ ಸ್ಥಳವಿದೆ. ನಮಗೆ ಸ್ಟೇಷನ್ನೊಂದಕ್ಕೆ ನೂರಿದ್ದರೂ ಅದೊಂದು ಆರಂಭವಾದೀತು.

ಬಂಧುಗಳೇ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ಹಿರಿಯರು ಕಟ್ಟಿ ಬೆಳೆಸಿದ ಸಮಾಜ ನಮ್ಮದು. ದುಡಿಮೆಯನ್ನು ನೋಡಿ ನಗುವ ಅಧಿಕಾರ ನಮಗಿಲ್ಲ. ಆದ್ದರಿಂದ ಸರ್ಕಾರಕ್ಕೆ ಮನವಿ ಸಲ್ಲಿಸುವ ಮುನ್ನ ನಮ್ಮ ಸಂಘಕ್ಕೇ ಒಂದು ಮನವಿ. ಅಂಗಳದಲ್ಲಿ ಕಾರುಗಳಿಗೆಂದು ಗೆರೆ ಎಳೆದಿದ್ದೇವೆ. ಗೋಡೆಯ ಬದಿಗೆ ಒಂದು ಕಬ್ಬಿಣದ ಕಂಬಿಯನ್ನೂ ಹಾಕಿಸೋಣ. ಇಂದಿನ ಸಭೆಗೆ ಚಹಾ ತಂದ ಹುಡುಗನ ಸೈಕಲ್ಲು, ನನ್ನ ಸೈಕಲ್ಲು ಎರಡೂ ಈಗ ಹೊರಗೆ ಗೇಟಿಗೆ ಒರಗಿ ನಿಂತಿವೆ. ಮುಂದಿನ ಸಭೆಗೆ ನಿಮ್ಮಲ್ಲಿ ಇಬ್ಬರು ಮೂವರಾದರೂ ಜೊತೆಗೂಡಿದರೆ ಆ ಕಂಬಿ ಸಾರ್ಥಕವಾಗುತ್ತದೆ.