ಮಗನ ಹೆಸರಿನ ಆರು ಎಕರೆ



ದತ್ತಿ ಉಪನ್ಯಾಸವೆಂದರೆ ಗಂಟಲು ಸರಿಮಾಡಿಕೊಂಡು ವೇದಕಾಲದಿಂದ ಶುರುಮಾಡುವ ರೂಢಿಯಿದೆ. ನಾನು ಪಹಣಿಯಿಂದ ಶುರುಮಾಡುತ್ತೇನೆ. ಮೂವತ್ತು ವರ್ಷ ತಾಲ್ಲೂಕು ಕೋರ್ಟಿನಲ್ಲಿ ಜಮೀನಿನ ದಾವೆಗಳನ್ನೇ ನಡೆಸಿದವನಿಗೆ ಬೇರೆ ದಾರಿ ತಿಳಿಯದು. ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು. ನಾನು ಕಂಡ ವ್ಯಾಜ್ಯಗಳಲ್ಲಿ ಅರ್ಧಕ್ಕರ್ಧ ಈ ಎರಡು ಕಾಲಂಗಳ ನಡುವಿನವು. ಪರದೇಶದವರ ಕೈಗೆ ಹೊಲ ಹೋಗಬಾರದೆಂದು ಅಮೆರಿಕದ ರಾಜ್ಯಗಳು ಮಾಡಿಕೊಂಡ ಕಾನೂನುಗಳನ್ನು ಓದುವಾಗಲೂ ನನ್ನ ಕಣ್ಣು ಅಲ್ಲಿಗೇ ಹೋಯಿತು. ಅಲ್ಲಿ ಪಹಣಿ ಇಲ್ಲ, ಸರಿ. ಒಡೆಯನೊಬ್ಬ, ಉಳುವವನೊಬ್ಬ ಎಂಬ ಪಾಡು ಅಲ್ಲಿಯೂ ಇದೆ.

1913ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು. ಪೌರತ್ವಕ್ಕೆ ಅನರ್ಹರಾದ ಪರದೇಶಿಗಳು ಸಾಗುವಳಿ ಭೂಮಿ ಕೊಳ್ಳುವಂತಿಲ್ಲ, ಗುತ್ತಿಗೆಯೂ ಮೂರು ವರ್ಷ ಮೀರುವಂತಿಲ್ಲ. 1920ರಲ್ಲಿ ಜನಮತ ತೆಗೆದುಕೊಂಡು ಆ ಗುತ್ತಿಗೆಗೂ ಕಲ್ಲು ಹಾಕಿದರು. ಇಡೀ ಕಾನೂನಿನಲ್ಲಿ ಜಪಾನಿ ಎಂಬ ಮಾತು ಹುಡುಕಿದರೂ ಇಲ್ಲ. ಬೇಕಾಗಿಯೂ ಇರಲಿಲ್ಲ. ವಲಸೆ ಬಂದವರಲ್ಲಿ ಬಿಳಿಯರು ಮತ್ತು ಆಫ್ರಿಕಾ ಮೂಲದವರು ಮಾತ್ರ ಪೌರರಾಗಬಹುದೆಂದು ಆ ದೇಶದ ಕಾಯ್ದೆ ಹೇಳುತ್ತಿತ್ತು. ಇನ್ನು ಉಳಿದವರು ಯಾರು? ಸ್ಟ್ರಾಬೆರಿ, ತರಕಾರಿ ಬೆಳೆದು ಅಕ್ಕಪಕ್ಕದವರ ಕಣ್ಣು ಕುಕ್ಕುತ್ತಿದ್ದ ಜಪಾನಿ ರೈತರು. ಹೆಸರು ಹೇಳದೆ ಹೊಡೆಯುವುದರಲ್ಲಿ ಕರಡು ಬರೆಯುವ ವಕೀಲರು ಎಲ್ಲ ದೇಶಗಳಲ್ಲೂ ಗಟ್ಟಿಗರು. ನಾನೂ ಆ ಜಾತಿಯವನೇ, ಹಾಗಾಗಿ ಹೇಳುತ್ತಿದ್ದೇನೆ.

ಕಾಜಿರೊ ಒಯಾಮಾ ಅಂಥ ಒಬ್ಬ ರೈತ. 1934ರಲ್ಲಿ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ಆರು ಎಕರೆ ಕೊಂಡ. ಕ್ರಯಪತ್ರ ಮಾಡಿಸಿದ್ದು ಮಗ ಫ್ರೆಡ್‌ನ ಹೆಸರಿಗೆ. ಹುಡುಗನಿಗೆ ಆಗ ಆರು ವರ್ಷ. ಅಮೆರಿಕದಲ್ಲೇ ಹುಟ್ಟಿದವನಾದ್ದರಿಂದ ಅವನು ಅಲ್ಲಿನ ಪ್ರಜೆ, ಅಪ್ಪ ಅಲ್ಲ. ಕೋರ್ಟಿನಿಂದ ಅಪ್ಪನೇ ಪೋಷಕನಾಗಿ ನೇಮಕವಾದ. 1937ರಲ್ಲಿ ಪಕ್ಕದ ಎರಡು ಎಕರೆಯೂ ಸೇರಿತು. 9ನೇ ಕಾಲಂನಲ್ಲಿ ಹಲ್ಲು ಬೀಳುವ ವಯಸ್ಸಿನ ಹುಡುಗ, 12ರಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಅಪ್ಪ. ನಮ್ಮ ಕಡೆ ಸೀಲಿಂಗ್ ಕಾನೂನು ಬಂದಾಗ ತೊಟ್ಟಿಲ ಕೂಸುಗಳ ಹೆಸರಿಗೆ ಜಮೀನು ಹತ್ತಿಸಿದ್ದು ನೆನಪಾಗಿ ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ. ನಗಬೇಡಿ. ನಮ್ಮವರು ಹಾಗೆ ಮಾಡಿದ್ದು ಇದ್ದದ್ದನ್ನು ಉಳಿಸಿಕೊಳ್ಳಲು. ಒಯಾಮಾಗೆ ಮೊದಲ ಎಕರೆ ಸಿಗುವುದಕ್ಕೇ ಬೇರೆ ದಾರಿ ಇರಲಿಲ್ಲ.

ಯುದ್ಧ ಬಂತು. 1942ರಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಸರ್ಕಾರ ಎಬ್ಬಿಸಿತು, ಒಯಾಮಾ ಮನೆಯವರೂ ಹೊಲ ಬಿಟ್ಟು ನಡೆದರು. ಅವರು ಊರಲ್ಲಿಲ್ಲದ ಹೊತ್ತಿನಲ್ಲಿ, 1944ರಲ್ಲಿ, ಜಮೀನು ಮುಟ್ಟುಗೋಲಿಗೆ ರಾಜ್ಯ ದಾವೆ ಹೂಡಿತು. ದುಡ್ಡು ಕೊಟ್ಟವನು ಅನರ್ಹ ಪರದೇಶಿಯಾಗಿದ್ದರೆ ಕ್ರಯವೇ ಮೋಸವೆಂದು ಕಾನೂನು ಊಹಿಸಿಕೊಳ್ಳುತ್ತಿತ್ತು, ಅಲ್ಲವೆಂದು ರುಜುವಾತು ಮಾಡುವ ಭಾರ ಹುಡುಗನದಾಗಿತ್ತು. ಬೇರೆ ಯಾವ ಅಪ್ಪ ಮಗನಿಗೆ ಹೊಲ ಕೊಟ್ಟರೂ ಅದು ಉಡುಗೊರೆ. 1948ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆರು–ಮೂರರ ಬಹುಮತದಿಂದ ಫ್ರೆಡ್‌ನ ಪರ ತೀರ್ಪು ಕೊಟ್ಟಿತು. ಆದರೆ ಮೂಲ ಕಾನೂನನ್ನು ಮುಟ್ಟಲಿಲ್ಲ. ಮಗ ಗೆದ್ದ, ಅಪ್ಪ ಅನರ್ಹನಾಗಿಯೇ ಉಳಿದ. ಕಾನೂನನ್ನು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟೇ ರದ್ದುಮಾಡಿದ್ದು 1952ರಲ್ಲಿ, ಸೇ ಫುಜೀ ಎಂಬವರ ಮೊಕದ್ದಮೆಯಲ್ಲಿ.

ಈ ಬಲೆಗೆ ನಮ್ಮ ದೇಶದವರೂ ಬಿದ್ದರು. ಭಾರತೀಯರು ಬಿಳಿಯರಲ್ಲವೆಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ತೀರ್ಪು ಪೌರತ್ವದ್ದು, ಪೆಟ್ಟು ಹೊಲಕ್ಕೆ. ಇಂಪೀರಿಯಲ್ ವ್ಯಾಲಿಯಲ್ಲಿ ಹತ್ತಿ, ಸೊಪ್ಪು, ಕರಬೂಜ ಬೆಳೆಯುತ್ತಿದ್ದ ಪಂಜಾಬಿಗಳು ನಂಬಿಕಸ್ತ ಬಿಳಿಯರ ಹೆಸರಲ್ಲಿ, ಮೆಕ್ಸಿಕೋದ ಹೆಂಡಂದಿರಲ್ಲಿ ಹುಟ್ಟಿದ ಮಕ್ಕಳ ಹೆಸರಲ್ಲಿ ಜಮೀನು ಮಾಡತೊಡಗಿದರು. ನಂಬಿಕೆ ಕೆಟ್ಟರೆ ಕೋರ್ಟಿಗೆ ಹೋಗುವ ಬಾಯಿಯೂ ಅವರಿಗಿರಲಿಲ್ಲ. ದಲೀಪ್ ಸಿಂಗ್ ಸೌಂದ್ ಬರ್ಕ್‌ಲಿಯಲ್ಲಿ ಗಣಿತದ ಡಾಕ್ಟರೇಟ್ ಮುಗಿಸಿ ಅದೇ ಕಣಿವೆಯಲ್ಲಿ ಬೇಸಾಯಕ್ಕಿಳಿದವರು. 1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು, 1949ರಲ್ಲಿ ಸೌಂದ್ ಪೌರರಾದರು, 1956ರಲ್ಲಿ ಅಮೆರಿಕದ ಸಂಸತ್ತಿಗೇ ಆರಿಸಿ ಹೋದರು.

ನಮ್ಮಲ್ಲಿ ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಗೇಣಿದಾರರು ಒಡೆತನ ಕೋರುವ ನಮೂನೆ 7 ತುಂಬಲು ಸಾಲುಗಟ್ಟಿ ನಿಂತರು. 12ರಲ್ಲಿದ್ದವನು 9ಕ್ಕೆ ಏರಿದ. ಕ್ಯಾಲಿಫೋರ್ನಿಯಾ ಮಾಡಿದ್ದು ಇದರ ಪೂರಾ ತಿರುವುಮುರುವು: ನೀನು ಉಳು, ಒಡೆಯನಾಗಬೇಡ.

ಇನ್ನು ಈಚಿನ ಮಾತು. ಈಗ ಅಮೆರಿಕದ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ನಿರ್ಬಂಧವಿದೆ. ಅಯೋವಾದಂಥ ರಾಜ್ಯದ್ದು ಹಳೆಯದು, ಎಲ್ಲ ದೇಶದವರಿಗೂ ಒಂದೇ ತಕ್ಕಡಿ. 2023ರ ಅಲೆ ಬೇರೆ, ಅದರ ಕಣ್ಣಿರುವುದು ಚೀನಾದ ಮೇಲೆ. ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಫುಫೆಂಗ್ ಎಂಬ ಚೀನಾ ಕಂಪನಿ ಮೆಕ್ಕೆಜೋಳದ ಕಾರ್ಖಾನೆಗೆಂದು 370 ಎಕರೆ ಕೊಂಡಿತ್ತು. ಇಪ್ಪತ್ತು ಕಿಲೋಮೀಟರಿನಾಚೆ ವಾಯುನೆಲೆ. ಇದು ಅಪಾಯವೆಂದು ವಾಯುಪಡೆ ಬರೆದ ಮೇಲೆ ನಗರಸಭೆ ಯೋಜನೆ ಕೈಬಿಟ್ಟಿತು. ಅರ್ಕನ್ಸಾ ರಾಜ್ಯ ಸಿಂಜೆಂಟಾದ ಅಂಗಸಂಸ್ಥೆಗೆ 160 ಎಕರೆ ಮಾರಿಬಿಡಲು ಆಜ್ಞೆ ಮಾಡಿತು. ಸ್ವಿಟ್ಜರ್‌ಲೆಂಡಿನ ಆ ಬೀಜದ ಕಂಪನಿಯನ್ನು ಚೀನಾದ ಸರ್ಕಾರಿ ಸಂಸ್ಥೆ 2017ರಲ್ಲಿ ಕೊಂಡಿತ್ತು. ಇವೆರಡರ ಬಗ್ಗೆ ನನಗೆ ಅಂಥ ತಕರಾರಿಲ್ಲ. 9ನೇ ಕಾಲಂನಲ್ಲಿ ಒಂದು ಸರ್ಕಾರವೇ ಮುಖ ಮರೆಸಿಕೊಂಡು ಕೂತಿದ್ದರೆ ಕೇಳುವ ಹಕ್ಕು ಊರಿಗುಂಟು.

ನನ್ನ ತಕರಾರು ಫ್ಲಾರಿಡಾದ ಜೊತೆ. ಪೌರತ್ವಕ್ಕೆ ಅನರ್ಹರೆಂಬ ಹಳೆಯ ಮಾತು ಅದರ ಸಂವಿಧಾನದಲ್ಲಿ ಉಳಿದೇ ಇತ್ತು. 2018ರಲ್ಲಿ ಮತದಾರರು ಅದನ್ನು ಅಳಿಸಿದರು. ಐದೇ ವರ್ಷಕ್ಕೆ ಹೊಸ ಕಾನೂನು ಬಂತು. ಚೀನಾದಲ್ಲಿ ಕಾಯಂ ನೆಲೆಯುಳ್ಳ ಸಾಮಾನ್ಯ ಮನುಷ್ಯನಿಗೆ ಫ್ಲಾರಿಡಾದಲ್ಲಿ ಹೊಲವಿರಲಿ, ಮನೆ ಕೊಳ್ಳುವುದೂ ಕಷ್ಟ. ಕಂಪನಿಯನ್ನೂ ಮನುಷ್ಯನನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರು. ಅಂದಹಾಗೆ, ಅಮೆರಿಕದಲ್ಲಿ ಪರದೇಶದವರ ಕೈಲಿರುವ 4 ಕೋಟಿ ಎಕರೆಗೂ ಮಿಕ್ಕಿದ ಹೊಲ–ಕಾಡಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೆನಡಾದವರದು. ಚೀನಾದ್ದು ನೂರಕ್ಕೆ ಒಂದೂ ಇಲ್ಲ.

ಪರರ ಮನೆಯ ಮಾತಾಯಿತು, ನಮ್ಮ ಮನೆಗೆ ಬರೋಣ. ನನ್ನ ಚಿಕ್ಕಪ್ಪನ ಮಗ ಟೆಕ್ಸಸ್‌ನಲ್ಲಿದ್ದಾನೆ, ಅಲ್ಲಿನ ಪ್ರಜೆ. ಅವನು ಅಲ್ಲಿ ಇನ್ನೂರು ಎಕರೆ ಕೊಂಡರೂ ಕೇಳುವವರಿಲ್ಲ. ಅರಸೀಕೆರೆ ಸೀಮೆಯ ನಮ್ಮೂರಲ್ಲಿ ಎರಡು ಗುಂಟೆ ತೋಟ ಕೊಳ್ಳುವಂತಿಲ್ಲ. ನಮ್ಮ ವಿದೇಶಿ ವಿನಿಮಯ ಕಾನೂನಿನಲ್ಲಿ ಅನಿವಾಸಿಗೆ ಸೈಟು, ಫ್ಲ್ಯಾಟು ಆಗಬಹುದು, ಪಿತ್ರಾರ್ಜಿತ ಹೊಲವೂ ಬರಬಹುದು. ಹೊಲ ಕ್ರಯಕ್ಕೆ ಮಾತ್ರ ಆಗದು, ಭಾರತದ ಪಾಸ್‌ಪೋರ್ಟೇ ಕೈಲಿದ್ದರೂ. ಅತ್ತ 2020ರಲ್ಲಿ ಕರ್ನಾಟಕ ತನ್ನ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿತು. ರೈತನಲ್ಲದವನಿಗೂ ಹೊಲ ಸಿಗುತ್ತದೆ, ಊರಲ್ಲಿ ಹುಟ್ಟಿ ದೂರ ಹೋದವನಿಗಿಲ್ಲ.

ಊರಲ್ಲಿ ನಮ್ಮ ಪಕ್ಕದ ತೋಟ ಮಾರಾಟಕ್ಕೆ ಬಂದಾಗ ಆ ಟೆಕ್ಸಸ್ ತಮ್ಮ ನನಗೆ ಫೋನು ಮಾಡಿದ. “ಅಣ್ಣ, ಏನಾದರೂ ದಾರಿ ಹೇಳು.” ದಾರಿ ನಾನು ಹೇಳಲಿಲ್ಲ, ಚಿಕ್ಕಮ್ಮನೇ ಹೇಳಿದರು. “ನನ್ನ ಹೆಸರಿಗೆ ಮಾಡಿಸ್ರೋ, ಆಮೇಲೆ ಹೆಂಗೂ ಅವನಿಗೇ ಬರ್ತದೆ.” ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲನ್ನು ಆ ಎಂಬತ್ತರ ಮುದುಕಿ ನನ್ನ ಕೈ ಹಿಡಿದು ಹತ್ತಿದರು. ಅಲ್ಲಿ ಅಪ್ಪ ಮಗನ ಹೆಸರಿಗೆ, ಇಲ್ಲಿ ಮಗ ತಾಯಿಯ ಹೆಸರಿಗೆ.

ತಿಂಗಳಿಗೊಮ್ಮೆ ಅವನು ಅಲ್ಲಿಂದಲೇ ಭೂಮಿ ತಂತ್ರಾಂಶದಲ್ಲಿ ಆ ಪಹಣಿ ತೆರೆದು ನೋಡುತ್ತಾನಂತೆ. 9ರಲ್ಲಿ ಚಿಕ್ಕಮ್ಮನ ಹೆಸರು. 12ರಲ್ಲೂ ಅವರದೇ. ಇಪ್ಪತ್ತು ವರ್ಷದಿಂದ ಆ ತೋಟಕ್ಕೆ ನೀರು ಹಾಯಿಸಿ ಕಾಯಿ ಕೆಡಹುತ್ತಿರುವ ಆಳಿನ ಹೆಸರು ಯಾವ ಕಾಲಂನಲ್ಲೂ ಇಲ್ಲ.