ಗೋಡೆ ಮೇಲಿನ ಗುರುತು, ಎದೆ ಮೇಲಿನ ಗುರುತು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನೀವೆಲ್ಲ ಗೋಡೆಬರಹ ಬರೆಯೋರು, ಬ್ಯಾನರ್ ಕಟ್ಟೋರು, ರಾತ್ರಿಯೆಲ್ಲ ಕೂತು ಪೋಸ್ಟರ್ ಮಾಡೋರು. ಆದ್ದರಿಂದ ಬಾವುಟ, ಚಿತ್ರ, ಗುರುತು ಇವುಗಳನ್ನು ಸರ್ವಾಧಿಕಾರಿಗಳು ಹೇಗೆ ಬಳಸಿಕೊಂಡರು ಅನ್ನೋದನ್ನು ನೀವು ತಿಳಿದಿರಬೇಕು. ಹಿಟ್ಲರನ ಜರ್ಮನಿಯ ಉದಾಹರಣೆ ಹೇಳ್ತೀನಿ.

1920ರಲ್ಲಿ ನಾಜಿ ಪಕ್ಷ ತನ್ನ ಬಾವುಟ ಮಾಡಿಕೊಂಡಿತು. ಕೆಂಪು ಬಟ್ಟೆ, ನಡುವೆ ಬಿಳಿ ವೃತ್ತ, ಅದರೊಳಗೆ ಕಪ್ಪು ಸ್ವಸ್ತಿಕ. ಕೆಂಪು ಯಾರ ಬಣ್ಣ? ಕಾರ್ಮಿಕರದ್ದು. ಎಡಪಕ್ಷದವರನ್ನು ಕೆಣಕಿ ಸಭೆಗೆ ಎಳೆಯೋದಕ್ಕೆ ಬೇಕೆಂದೇ ಪೋಸ್ಟರುಗಳಿಗೆ ಕೆಂಪು ಆರಿಸಿದೆವು ಅಂತ ಹಿಟ್ಲರ್ ತಾನೇ ಬರೆದುಕೊಂಡಿದ್ದಾನೆ. ಇನ್ನು ಸ್ವಸ್ತಿಕ. ನಮ್ಮ ಕಡೆ ಅದು ಬಾಗಿಲ ಮೇಲೆ ಬರೆಯೋ ಶುಭದ ಗುರುತು. ಬೌದ್ಧರಲ್ಲೂ ಜೈನರಲ್ಲೂ ಉಂಟು. ಯುರೋಪಿನ ಪಂಡಿತರು 'ಆರ್ಯ' ಎಂಬ ಸಂಸ್ಕೃತ ಪದವನ್ನು ಮೊದಲು ಭಾಷೆಗಳ ಗುಂಪಿಗೆ ಹೆಸರಾಗಿಟ್ಟರು. ಆಮೇಲೆ ಕೆಲವರು ಅದನ್ನೇ ರಕ್ತದ ಹೆಸರು ಮಾಡಿದರು. ಆ ಆರ್ಯರ ಗೆಲುವಿನ ಗುರುತು ಅಂತ ಹಿಟ್ಲರ್ ಸ್ವಸ್ತಿಕಕ್ಕೆ ಅರ್ಥ ಹಚ್ಚಿದ. ಹುಟ್ಟಿನಿಂದ ಮೇಲು, ಹುಟ್ಟಿನಿಂದ ಕೀಳು ಅನ್ನೋ ಮಾತು ನಮಗೇನು ಹೊಸದಲ್ಲ. ಅಲ್ಲಿ ಅದಕ್ಕೊಂದು ಬಾವುಟ ಸಿಕ್ಕಿತು.

1933ರ ಜನವರಿ 30ರಂದು ಹಿಟ್ಲರ್ ಪ್ರಧಾನಿಯಾದ. ಮಾರ್ಚ್‌ನಲ್ಲಿ ಗೋಬೆಲ್ಸ್ ಕೈಗೆ ಪ್ರಚಾರಕ್ಕೆಂದೇ ಒಂದು ಮಂತ್ರಾಲಯ ಬಂತು. ಮೇ 1ರಂದು ಏನಾಯ್ತು ನೋಡ್ರಿ. ಕಾರ್ಮಿಕರು ಎಷ್ಟೋ ವರ್ಷದಿಂದ ಹೋರಾಡಿ ಆಚರಿಸುತ್ತಿದ್ದ ದಿನಕ್ಕೆ ಸರ್ಕಾರವೇ ಸಂಬಳದ ರಜೆ ಕೊಟ್ಟಿತು. ಬರ್ಲಿನ್ನಿನಲ್ಲಿ ಭಾರಿ ಮೆರವಣಿಗೆ, ಎಲ್ಲಿ ನೋಡಿದರೂ ಬಾವುಟ, ಭಾಷಣ. ಮಾರನೇ ದಿನ, ಮೇ 2ರಂದು, ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ವಶಪಡಿಸಿಕೊಂಡರು, ಮುಖಂಡರನ್ನು ಹಿಡಿದರು. ಹಬ್ಬವನ್ನು ಕೊಟ್ಟ ಕೈಯೇ ಸಂಘವನ್ನು ಕಿತ್ತುಕೊಂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ 76 ಮಾರ್ಕಿನ ಅಗ್ಗದ 'ಜನರ ರೇಡಿಯೊ' ಬಂತು. ಅದರ ನಂಬರು 301. ಯಾಕೆ? ಹಿಟ್ಲರ್ ಗದ್ದುಗೆ ಏರಿದ 30ನೇ ತಾರೀಖು, 1ನೇ ತಿಂಗಳು.

ಈಗ ಮುಖ್ಯವಾದ ಮಾತಿಗೆ ಬರ್ತೀನಿ. 1935ರ ಸೆಪ್ಟೆಂಬರಿನಲ್ಲಿ ನ್ಯೂರೆಂಬರ್ಗಿನಲ್ಲಿ ಕಾನೂನು ಮಾಡಿ ಸ್ವಸ್ತಿಕದ ಬಾವುಟವೊಂದೇ ರಾಷ್ಟ್ರಧ್ವಜ ಅಂದರು. ಅದೇ ದಿನದ ಇನ್ನೊಂದು ಕಾನೂನು ಯಹೂದಿಗಳಿಗೂ ಜರ್ಮನರಿಗೂ ಮದುವೆ ಆಗಕೂಡದು ಅಂತು. ಯಹೂದಿಗಳು ಆ ರಾಷ್ಟ್ರಧ್ವಜವನ್ನು ಹಾರಿಸಕೂಡದು ಅಂತಲೂ ಅದರಲ್ಲೇ ಬರೆದಿತ್ತು. ಮುಟ್ಟಬೇಡ ಅನ್ನೋದು ಬಾವುಟಕ್ಕೂ ಬಂತು. ಆರು ವರ್ಷದ ಮೇಲೆ, 1941ರ ಸೆಪ್ಟೆಂಬರಿನಲ್ಲಿ, ಆರು ವರ್ಷ ತುಂಬಿದ ಪ್ರತಿ ಯಹೂದಿಯೂ ಹೊರಗೆ ಬರುವಾಗ ಎದೆಯ ಎಡಗಡೆ ಅಂಗೈ ಅಗಲದ ಹಳದಿ ನಕ್ಷತ್ರ ಹೊಲಿದುಕೊಂಡಿರಬೇಕು ಅಂತ ಆಜ್ಞೆ ಆಯ್ತು. ಆ ಆರು ಮೂಲೆಯ ನಕ್ಷತ್ರ ಯಹೂದಿಗಳದ್ದೇ ಪವಿತ್ರ ಗುರುತು. ಅದನ್ನೇ ಅವಮಾನದ ಚಿಂದಿ ಮಾಡಿದರು. ಕಣ್ಣಿಗೆ ಬಿದ್ದ ಕೂಡಲೆ ಇಂಥವನು ಅಂತ ಗೊತ್ತಾಗಬೇಕು, ದೂರ ಇಡಬೇಕು, ಆಮೇಲೆ ಹಿಡಿದು ರೈಲಿಗೆ ತುಂಬಬೇಕು. ಗುರುತಿನ ಕೆಲಸ ಅಷ್ಟೇ ಆಗಿತ್ತು. ಸಣ್ಣ ಮಗು ಶಾಲೆಗೆ ಹೋಗುವಾಗಲೂ ಅದನ್ನು ಹಾಕಿಕೊಂಡು ನಡೆಯಬೇಕಾಗಿತ್ತು ಅನ್ನೋದನ್ನು ನೆನೆಸಿಕೊಳ್ಳಿ.

ಹಾಗಾದರೆ ಎದುರು ಹೇಳಿದವರು ಯಾರೂ ಇರಲಿಲ್ಲವೆ? ಇದ್ದರು. ಜಾನ್ ಹಾರ್ಟ್‌ಫೀಲ್ಡ್ ಅಂತ ಒಬ್ಬ ಕಲಾವಿದ. ಈತನ ಆಯುಧ ಕತ್ತರಿ ಮತ್ತು ಅಂಟು. 1932ರಲ್ಲಿ ಕಾರ್ಮಿಕರ ಸಚಿತ್ರ ಪತ್ರಿಕೆಗೆ ಒಂದು ಚಿತ್ರ ಮಾಡಿದ. ಹಿಟ್ಲರ್ ಕೈ ಎತ್ತಿ ಸಲಾಮು ಹೊಡೀತಿದ್ದಾನೆ. ಹಿಂದೆ ನಿಂತ ದೊಡ್ಡ ಹೊಟ್ಟೆಯ ಸಾಹುಕಾರ ಆ ಕೈಗೆ ನೋಟು ಇಡ್ತಿದ್ದಾನೆ. ನನ್ನ ಬೆನ್ನ ಹಿಂದೆ ಲಕ್ಷಾಂತರ ಜನ ಇದ್ದಾರೆ ಅನ್ನೋ ಜಂಬಕ್ಕೆ, ಜನ ಅಲ್ಲ, ಹಣ ಅಂತ ಉತ್ತರ. ಮರುವರ್ಷ ಈತ ದೇಶ ಬಿಟ್ಟು ಪ್ರಾಗ್‌ಗೆ ಓಡಬೇಕಾಯ್ತು. ಅದೇ 1932ರಲ್ಲಿ ಸೋಷಿಯಲ್ ಡೆಮಾಕ್ರಟರೂ ಕಾರ್ಮಿಕ ಸಂಘಗಳೂ ಸೇರಿದ್ದ ರಂಗ ಮೂರು ಬಾಣದ ಗುರುತು ಹಿಡಿಯಿತು. ಸೀಮೆಸುಣ್ಣ ಇದ್ದರೆ ಸಾಕು, ಯಾರು ಬೇಕಾದರೂ ಗೋಡೆ ಮೇಲಿನ ಸ್ವಸ್ತಿಕದ ಮೇಲೆ ಮೂರು ಬಾಣ ಎಳೆದು ಹೋಗಬಹುದಿತ್ತು.

ಆದರೂ ಸೋತರು. ಯಾಕೆ ಅಂತ ಕೇಳಬೇಕು. 1932ರ ನವೆಂಬರ್ ಚುನಾವಣೆಯಲ್ಲಿ ನಾಜಿಗಳಿಗೆ ಬಿದ್ದದ್ದು ನೂರಕ್ಕೆ 33 ಮತ. ಸೋಷಿಯಲ್ ಡೆಮಾಕ್ರಟರಿಗೂ ಕಮ್ಯುನಿಸ್ಟರಿಗೂ ಸೇರಿ 37. ಈ ಇಬ್ಬರೂ ಒಬ್ಬರನ್ನೊಬ್ಬರು ಶತ್ರು ಅಂತ ಬೈದುಕೊಂಡೇ ಕೂತರು. ಹಾರ್ಟ್‌ಫೀಲ್ಡನ ಚಿತ್ರ ಇದ್ದದ್ದು ಒಬ್ಬರ ಕಡೆ, ಮೂರು ಬಾಣ ಇನ್ನೊಬ್ಬರ ಕಡೆ. ಒಳ್ಳೆ ಪೋಸ್ಟರ್ ಎರಡು ಕಡೆಯೂ ಇತ್ತು; ಒಗ್ಗಟ್ಟು ಇರಲಿಲ್ಲ. ಸಂಘಟನೆ ಮಾಡಬೇಕಾದ ಕೆಲಸವನ್ನು ಪೋಸ್ಟರ್ ಮಾಡಲಾರದು.

ಗುರುತೇ ಬೇಡ ಅಂತ ನಾನು ಹೇಳ್ತಿಲ್ಲ. ಓದು ಬರದ ನಮ್ಮ ತಾಯಂದಿರು ಬಾವುಟ ನೋಡಿಯೇ ಸಭೆಗೆ ಬರ್ತಾರೆ. ಆದರೆ ಯಾವ ಗುರುತು ಎದುರು ಬಂದರೂ, ಅದು ನಮ್ಮದೇ ಆದರೂ, ಮೂರು ಪ್ರಶ್ನೆ ಕೇಳಿ. ಇದಕ್ಕೆ ದುಡ್ಡು ಕೊಟ್ಟವರು ಯಾರು? ಇದನ್ನು ಯಾರು ಮುಟ್ಟಕೂಡದು ಅಂತಾರೆ? ಇದನ್ನು ನೋಡಿದವನು ಪ್ರಶ್ನೆ ಕೇಳಬಹುದೋ, ಬರೀ ಕೈ ಎತ್ತಬೇಕೋ? ಮುಂದಿನ ಪೋಸ್ಟರ್ ಬರೆಯೋ ಮೊದಲು ನಿಮ್ಮ ರೂಮುಗಳಲ್ಲಿ ಈ ಮೂರನ್ನು ಚರ್ಚೆ ಮಾಡಿ. ಒಪ್ಪದಿದ್ದರೆ ಜಗಳ ಆಡಿ, ಆದರೆ ಕೂತು ಆಡಿ, ಒಡೆದು ಹೋಗಬೇಡಿ.